ಮುಂದಕ್ಕೆ ಮಾತ್ರ ಖಾಕಿ

ಅಂಟು ಇನ್ನೂ ಒಣಗಿರಲಿಲ್ಲ, ಕಾಗದದ ಅಂಚಿನಿಂದ ಇಳಿದು ಸೇನಾ ಕಚೇರಿಯ ಬಾಗಿಲ ಮೇಲೆ ಹರಿಯುತ್ತಿತ್ತು, ಐಸೊಬೆಲ್ ಅದನ್ನೇ ನೋಡುತ್ತ ನಿಂತಳು, ಹೆಸರು ಓದುವ ಧೈರ್ಯವಾಗದೆ — ಆಮೇಲೆ ಓದಿದಳು, ದಕ್ಷಿಣ ಆಫ್ರಿಕದ ಯುದ್ಧದಲ್ಲಿ ಮಡಿದವರು, ಏಳನೆಯದು ಮರ್ಡೊ, ತನ್ನ ಮಗ ಮರ್ಡೊ, ಡಂಡೀ ಊರಿನ ಆ ಚಳಿಯಲ್ಲಿ ಬಾಗಿಲ ಮುಂದೆ ನೆರೆದಿದ್ದ ಅಷ್ಟೂ ಹೆಂಗಸರ ಉಸಿರು ಒಂದೇ ಹೊಗೆಯಾಗಿ ಏಳುತ್ತಿತ್ತು. ಅದು ಡಿಸೆಂಬರ್. ಈಗ ಫೆಬ್ರುವರಿ, ಪೆಟ್ರಿಯ ಹೊಲಿಗೆಮನೆಯ ಉದ್ದನೆ ಮೇಜು, ಕೈಯಲ್ಲಿ ಸೂಜಿ, ಸೇನೆಗೆ ಹೊಲಿಯುವ ಅದೇ ಖಾಕಿ ಬಟ್ಟೆ — ಹೆಸರು ಓದಿದ ಮರು ಭಾನುವಾರ ಚರ್ಚಿನ ಮೆಟ್ಟಿಲ ಮೇಲೆ ಸಭೆಯ ಹಿರಿಯ ಟಲ್ಲಕ್ ಟೋಪಿಯನ್ನೂ ತೆಗೆಯದೆ ಹೇಳಿದ್ದು, ಗಾಯ ಬೆನ್ನಲ್ಲಿತ್ತಂತೆ ಕಣಮ್ಮ, ಓಡೋರಿಗಲ್ದೆ ಇನ್ಯಾರಿಗೆ ಬೆನ್ನಲ್ಲಿ ಗುಂಡು ಬೀಳುತ್ತೆ, ಪೇಪರಲ್ಲೂ ಬಂದಿದೆ, ನಮ್ಮ ಪಡೆ ಕಾಲ್ಕಿತ್ತಿತು ಅಂತ — ಎರಡು ತಿಂಗಳು ಅದೊಂದೇ, ಹಾಸಿಗೆಯಲ್ಲಿ, ಗಂಜಿಯ ಮುಂದೆ, ಓಡಿದನೇ, ನನ್ನ ಮಗ ಓಡಿದನೇ. ಈ ಬೆಳಿಗ್ಗೆ ಕಾಗದ ಬಂತು, ಅವನ ಜೊತೆಗಾರ ಗಿಲ್ಲೀಸ್ ಆಸ್ಪತ್ರೆಯಿಂದ ಬರೆದದ್ದು, ಅಮ್ಮಾ, ಅವನು ಓಡ್ಲಿಲ್ಲ, ಬೆಳಕು ಹರಿಯೋಕೆ ಮುಂಚೆ ನಮ್ಮನ್ನ ಕುರಿಗಳ ಥರ ಒತ್ತೊತ್ತಾಗಿ ನಡೆಸಿ ಶತ್ರುಗಳ ಬಂದೂಕಿನ ಎದುರಿಗೇ ತಂದು ಬಿಟ್ರು, ಮಲಗಿ ಅಂದ್ರು, ಮಲಗಿದ್ವಿ, ಇಡೀ ಹಗಲು ಬೋರಲು, ಹನಿ ನೀರಿಲ್ಲ, ಮೊಣಕಾಲ ಹಿಂದೆ ಬಿಸಿಲಿಗೆ ಬೊಬ್ಬೆ ಎದ್ದು ಕಾಲು ಮಡಚೋಕಾಗ್ತಿರ್ಲಿಲ್ಲ, ಮುಂದೆ ಕಟ್ಟಿದ ಖಾಕಿಯೆಲ್ಲ ಹೊಟ್ಟೆ ಕೆಳಗೆ, ಬೆನ್ನ ಕಡೆ ಬರೀ ಕಪ್ಪು ಕಿಲ್ಟು, ಆ ಹಳದಿ ಹುಲ್ಲಲ್ಲಿ ಎಷ್ಟು ದೂರಕ್ಕೂ ಕಾಣ್ತಿತ್ತು, ಗಾಳಿಗೆ ನೆರಿಗೆ ಅಲ್ಲಾಡಿದ್ರೆ ಸಾಕು ಗುಂಡು, ಮರ್ಡೊಂದು ಅಲ್ಲಾಡ್ತು.

ಮುಂದಕ್ಕೆ ಮಾತ್ರ ಖಾಕಿ — ಹೊಲಿದವಳು ತಾನೇ, ಈ ಮೇಜಿನ ಮೇಲೇ, ಸಿಪಾಯಿಗಳು ಸೊಂಟಕ್ಕೆ ಸುತ್ತುವ ನೆರಿಗೆಲಂಗದ, ಕಿಲ್ಟಿನ, ಮುಂದೆ ಕಟ್ಟುವ ಏಪ್ರನ್ನುಗಳು, ನೂರಾರು, ಹಿಂದಕ್ಕೆ ಬೇಡ್ವಾ ಎಂದು ಕೇಳಿಯೂ ಇದ್ದಳು, ಪೆಟ್ರಿ ನಕ್ಕಿದ್ದ, ನಮ್ಮ ಹುಡುಗ್ರು ಯಾವತ್ತಮ್ಮ ಶತ್ರೂಗೆ ಬೆನ್ನು ತೋರ್ಸಿದ್ದು, ಮೇಜಿನ ಸುತ್ತ ಎಲ್ಲರೂ ನಕ್ಕರು, ತಾನೂ ನಕ್ಕಳು, ಹೆಮ್ಮೆಯಿಂದ ನಕ್ಕಳು ದೇವರೇ, ಮಲಗಿದವನಿಗೂ ಬೆನ್ನಿರುತ್ತದೆ ಎಂದು ಒಬ್ಬರಿಗೂ ಹೊಳೆಯಲಿಲ್ಲ. ಪೆಟ್ರಿ ಬರುತ್ತಿದ್ದಾನೆ, ಕೈಯಲ್ಲಿ ಹೊಸ ಅಳತೆಯ ಕಾಗದ, ಐಸೊಬೆಲ್, ಇನ್ಮೇಲೆ ಸುತ್ತ ಬರೋ ಹಾಗೆ ಹೊಲೀಬೇಕಂತೆ, ಹಿಂದಕ್ಕೂ, ಮೇಲಿನಿಂದ ಆರ್ಡರ್ ಬಂದಿದೆ. ಹಿಂದಕ್ಕೂ. ಹಾಗಾದರೆ ಸೇನೆಯವರಿಗೆ ಗೊತ್ತು, ಗೊತ್ತಿದ್ದೂ, ಹುಡುಗರು ಓಡಿದರು ಎಂಬ ಮಾತನ್ನು ಹಾಗೇ ಬಿಟ್ಟಿದ್ದಾರೆ — ಪೆಟ್ರಿಯವರೇ, ಇದನ್ನ ಟಲ್ಲಕ್ ಅವ್ರ ಮುಂದೆ ಹೇಳ್ತೀರಾ, ಪೇಪರ್ನೋರಿಗೆ ಹೇಳ್ತೀರಾ ಎಂದಳು, ನನಗ್ಯಾಕಮ್ಮ ಆ ಉಸಾಬರಿ, ನೀನು ಹೊಲಿ ಎಂದ ಅವನು. ಸತ್ತವರಿಗಾಗಿ ಪ್ರಾರ್ಥಿಸುವುದು ನಮ್ಮ ಸಭೆಯ ರೀತಿಯಲ್ಲ, ಸತ್ತ ಗಳಿಗೆಗೇ ದೇವರ ತೀರ್ಪು ಮುಗಿಯಿತು ಎಂದು ಟಲ್ಲಕ್ ಕಲಿಸಿದ್ದ, ನಲವತ್ತು ವರ್ಷ ಹಾಗೇ ನಡೆದಳು, ಆದರೆ ಮರ್ಡೊನ ತೀರ್ಪು ಕೊಟ್ಟವರು ಇವರಲ್ಲವೇ, ಪೇಪರಿನವರು, ಮೆಟ್ಟಿಲ ಮೇಲಿನವರು — ಸೂಜಿ ನಿಂತಿತು, ತುಟಿ ತಾನಾಗಿಯೇ ಆಡಿತು, ಕರ್ತನೇ, ನನ್ನ ಕೂಸು ಇನ್ನೂ ಬೋರಲಾಗೇ ಮಲಗಿದ್ದಾನೆ, ಮೆಲ್ಲಗೆ ಹೊರಳಿಸು ತಂದೆ, ಮುಖಕ್ಕೆ ಗಾಳಿಯಾಡಲಿ, ಅವನಿಗೆ ಶಾಂತಿ ಕೊಡು, ಮೊದಲು ಹೊರಳಿಸು, ಬೋರಲಾಗೇ ಇದ್ದಾನೆ, ಹೊರಳಿಸು —