ಮೂಗಿನ ಕೆಲಸ

ಈ ಪ್ಲಾಸ್ಟಿಕ್ ಶೆಡ್ಡಿನಲ್ಲಿ ಕೆಲಸ ಮಾಡುವವರು ಯಾರು ಎಂದು ಕೇಳಿದರೆ ಮಾಲೀಕ ಗಂಡಸರನ್ನು ತೋರಿಸುತ್ತಾನೆ. ಅವರು ಮೂಟೆ ಹೊರುತ್ತಾರೆ, ಕರಗಿಸುವ ಮಷೀನು ನಡೆಸುತ್ತಾರೆ. ನಾವು ಹೆಂಗಸರು ಸುಮ್ಮನೆ ಕೂತಿರುವವರು. ಕೂತು ಉಣ್ಣೋರಿಗೆ ಕುಡಿಕೆ ಹೊನ್ನೂ ಸಾಲದು ಎಂದು ನಮ್ಮನ್ನು ನೋಡಿ ನಗುತ್ತಾನೆ. ಆ ನಗು ಕೇಳಿದಾಗಲೆಲ್ಲ ನನ್ನ ಮೈ ಉರಿಯುತ್ತದೆ.

ಕೂತು ಮಾಡುವುದೇನು? ಒಡೆದ ಬಕೆಟ್ಟು, ಪೈಪು, ಡಬ್ಬಿಗಳ ರಾಶಿಯಿಂದ ಒಂದೊಂದೇ ಚೂರು ಎತ್ತಿ, ಅಂಚಿಗೆ ಲೈಟರ್ ಹಚ್ಚಿ, ಉರಿ ಆರಿಸಿ, ಹೊಗೆ ಮೂಸುವುದು. ಮೇಣದಬತ್ತಿಯ ವಾಸನೆ ಬಂದರೆ ಒಂದು ಚೀಲ, ಮೂಗು ಕೊರೆಯುವ ಘಾಟು ಬಂದರೆ ಇನ್ನೊಂದು. ಎರಡೂ ಬೆರೆತು ಮಷೀನಿಗೆ ಬಿದ್ದರೆ ಇಡೀ ಮಾಲು ಹಾಳು. ಒಮ್ಮೆ ಯಾರೋ ಮಾಸ್ಕ್ ಹಂಚಲು ಬಂದಾಗ ಗಂಡಸರಿಗೆ ಮಾತ್ರ ಸಿಕ್ಕಿತು. ಮಾಸ್ಕ್ ಹಾಕಿಕೊಂಡರೆ ಇವರು ಮೂಸುವುದು ಹೇಗೆ ಎಂದ ಮಾಲೀಕ. ಅವನ ಮಾತು ಸುಳ್ಳಾಗಿರಲಿಲ್ಲ, ನನಗೆ ಹೆಚ್ಚು ಸಿಟ್ಟು ಬಂದದ್ದು ಅದಕ್ಕೇ.

ನನ್ನ ಅಕ್ಕನನ್ನು ಅವನು ಕರೆಯುತ್ತಿದ್ದುದೇ 'ಮೂಗಮ್ಮ' ಎಂದು. ಅಷ್ಟು ಚುರುಕು ಮೂಗು. ಒಂದು ದಿನ ಅವಳ ಮನೆಗೆ ಹೋದರೆ ಒಲೆಯ ಮೇಲೆ ಅನ್ನ ಸೀದು ಕರಕಲಾಗಿದೆ, ಇವಳು ಪಕ್ಕದಲ್ಲೇ ಕೂತು ಬಟ್ಟೆ ಮಡಿಸುತ್ತಿದ್ದಾಳೆ. ಅವಳಿಗೆ ವಾಸನೆಯೇ ತಿಳಿಯುತ್ತಿಲ್ಲವೆಂದು ನನಗೆ ಗೊತ್ತಾಗಿಹೋಯಿತು. ಯಾರಿಗೂ ಹೇಳಬೇಡ ಎಂದು ಗೋಗರೆದಳು. ಈ ಕೆಲಸ ಹೋದರೆ ಮಗಳ ಓದೂ ಹೋದಂತೆಯೇ ಎಂದಳು.

ಅಂದಿನಿಂದ ಅವಳು ಚೂರು ಸುಟ್ಟು ಮೂಸಿದ ಹಾಗೆ ಮಾಡುವುದು, ಪಕ್ಕದಲ್ಲಿ ಕೂತ ನಾನು ಮೂಸಿ ಕಣ್ಣಲ್ಲೇ ಹೇಳುವುದು. ನಾನು ಜ್ವರ ಬಂದು ಮಲಗಿದ ದಿನ ಅಂದಾಜಿನ ಮೇಲೆ ಚೀಲ ತುಂಬಿಸಿದಳು. ಮರುದಿನ ಆ ಮಾಲು ಮಷೀನಿಗೆ ಬಿದ್ದು ಶೆಡ್ಡಿನ ತುಂಬ ಘಾಟು. ಮಾಸ್ಕ್ ಹಾಕಿದವರೂ ಕೆಮ್ಮುತ್ತ ಹೊರಗೋಡಿದರು, ನಾನೂ ಓಡಿದೆ. ತಿರುಗಿ ನೋಡಿದರೆ ಅಕ್ಕ ಮಷೀನಿಗೆ ಬೆನ್ನು ಹಾಕಿ ಲೈಟರ್ ಹಚ್ಚುತ್ತಲೇ ಇದ್ದಾಳೆ. ಕಣ್ಣಲ್ಲಿ ನೀರು ಸುರಿಯುವುದು ನಮಗೆ ದಿನದ ಮಾತು, ಮಷೀನಿನ ಸದ್ದಿನಲ್ಲಿ ಯಾರ ಕೂಗೂ ಕೇಳಿಸದು, ಅವಳಿಗೇನೂ ತಿಳಿಯಲಿಲ್ಲ. ಒಳಗೆ ನುಗ್ಗಿ ಎಳೆದು ತಂದೆ.

ಮಾಲೀಕನಿಗೆ ಎಲ್ಲ ಅರ್ಥವಾಯಿತು. ಉಸಿರಾಡಲು ಒದ್ದಾಡುತ್ತಿದ್ದವಳಿಗೆ ಒಂದು ಲೋಟ ನೀರು ಕೊಡಿ ಎನ್ನಲಿಲ್ಲ.

"ಮೂಗು ಹೋಗಿದ್ರೆ ಮೊದಲೇ ಹೇಳೋದಲ್ವಾ? ಮಗಳಿದಾಳಲ್ಲ, ನಾಳೆಯಿಂದ ಅವಳನ್ನ ಕೂರಿಸು. ಎಳೇ ಮೂಗು, ಚೆನ್ನಾಗಿರುತ್ತೆ."

ಅಕ್ಕ ಯಾರಿಗೂ ಎದುರಾಡಿದವಳಲ್ಲ, ಜಗಳವೆಲ್ಲ ನನ್ನ ಪಾಲಿನದು. ಅವಳು ಕೈಯಲ್ಲೇ ಉಳಿದಿದ್ದ ಪೈಪಿನ ಚೂರಿಗೆ ಲೈಟರ್ ಹಚ್ಚಿ, ಉರಿ ಆರಿಸಿ, ಅವನ ಮೂಗಿನ ಕೆಳಗೆ ಹಿಡಿದಳು. ಅವನು ಕೆಮ್ಮುತ್ತ ಹಿಂದೆ ಸರಿದ.

"ಒಂದ್ಸಲಕ್ಕೇ ಸಾಕಾಯ್ತಾ? ನನ್ನ ಮಗಳು ಇಲ್ಲಿ ಕಾಲಿಡಲ್ಲ. ನಾನೂ ಇಡಲ್ಲ."

ನಾನೂ ಅವಳ ಜೊತೆಗೇ ಹೊರಟೆ. ದಾರಿಯುದ್ದಕ್ಕೂ ಗೆದ್ದವಳ ಹಾಗೆ ಅವನಿಗೆ ಶಾಪ ಹಾಕುತ್ತ ನಡೆದೆ.

ಗೂಟದಲ್ಲೇ ಬಿಟ್ಟುಬಂದಿದ್ದ ಅಕ್ಕನ ಊಟದ ಚೀಲ ತರಲು ಮರುದಿನ ಶೆಡ್ಡಿಗೆ ಹೋದೆ. ಅವಳ ಜಾಗದಲ್ಲಿ ನಮ್ಮ ಜೊತೆಗೇ ಕೂರುತ್ತಿದ್ದ ಹೆಂಗಸೊಬ್ಬಳ ಮಗಳು ಕೂತಿದ್ದಳು. ಹೊಗೆಯನ್ನು ಎಷ್ಟು ಹತ್ತಿರಕ್ಕೆ ತರಬೇಕೆಂದು ತಾಯಿಯೇ ಕಲಿಸುತ್ತಿದ್ದಳು. ನನಗೆ ತಲೆ ಕೆಟ್ಟುಹೋಯಿತು. ಹುಡುಗಿಯ ರಟ್ಟೆ ಹಿಡಿದು ಎಬ್ಬಿಸಿದೆ. ತಾಯಿ ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಮಾಲೀಕನಿಗೆ ಕೇಳಿಸದ ಹಾಗೆ ಹೇಳಿದಳು.

"ನನ್ನ ಮೂಗೂ ಹೋಗಿ ಎಷ್ಟೋ ಕಾಲ ಆಯ್ತು ಕಣೇ. ನಿನ್ನ ಅಕ್ಕನಿಗೆ ನೀನಿದ್ದೆ. ನನಗೆ ಇವಳನ್ನ ಬಿಟ್ರೆ ಯಾರಿದಾರೆ?"