ಚಳಿಗಾಲಕ್ಕಷ್ಟೇ ನಮ್ಮ ಮನೆ

“ಗೋಡೆ ಬೆವರುತ್ತೆ ಅನ್ನು. ಒಲೆ ಹೊಗೆ ಕಾರುತ್ತೆ ಅನ್ನು. ಸುಳ್ಳೇನೂ ಅಲ್ವಲ್ಲ!” ಕ್ಯಾರವಾನಿನ ಮೆಟ್ಟಿಲ ಮೇಲೆ ಕೂತು ಬೂಟು ಹಾಕಿಕೊಳ್ಳುತ್ತ ಡೆನ್ಜಿಲ್ ಹೇಳಿದ. “ಮನೆ ಕೊಳ್ಳೋಕೆ ಬರೋ ಆ ಲಂಡನ್ನಿನವರು ಎದ್ದೆವೋ ಬಿದ್ದೆವೋ ಅಂತ ಓಡ್ತಾರೆ. ಅಕ್ಟೋಬರಿಗೆ ನಾವು ನೆಮ್ಮದಿಯಾಗಿ ಒಳಗೆ ಸೇರ್ಕೊಳ್ಳೋಣ.”

“ಸಾಕು ಮಾರಾಯ, ನನಗೇನು ಪಾಠ ಹೇಳ್ಕೊಡ್ತೀಯ?” ಎಂದಳು ವೆನ್ನಾ. ಬೀಗದಕೈ ತೆಗೆದುಕೊಂಡು ಹೊರಟಳು.

ಕಾರ್ನ್‌ವಾಲ್ ಕೌಂಟಿಯ ಆ ಕಡಲೂರಿನಲ್ಲಿ ಅರ್ಧ ಜನ ಬದುಕುವುದೇ ಹೀಗೆ. ಬಂದರಿನ ಮೇಲಿನ ಗುಡ್ಡದಲ್ಲಿರುವ ಫೇರ್ಲೀ ಅಮ್ಮನವರ ಕಲ್ಲಿನ ಮನೆ ಅಕ್ಟೋಬರಿನಿಂದ ಮೇ ತಿಂಗಳವರೆಗೆ ವೆನ್ನಾಳ ಸಂಸಾರಕ್ಕೆ. ಮೀನು ಹಿಡಿಯುವ ಗಂಡ ಡೆನ್ಜಿಲ್‌ಗೆ ಎಟಕುವ ಬಾಡಿಗೆಗೆ. ಜೂನ್ ಬಂತೋ, ಪ್ರವಾಸಿಗರು ಬಂದರು. ಇವನ ತಿಂಗಳ ದುಡಿಮೆಯನ್ನು ಅವರು ಒಂದೇ ವಾರಕ್ಕೆ ಎಣಿಸಿ ಕೊಡುತ್ತಾರೆ. ಆಗ ಗಂಟುಮೂಟೆ ಕಟ್ಟಿಕೊಂಡು ಜೋರಿ ಮಾವನ ಹೊಲದಲ್ಲಿರುವ ಕ್ಯಾರವಾನಿಗೆ, ಆ ತಗಡಿನ ಗಾಲಿಮನೆಗೆ ಹೋಗಬೇಕು. ಪ್ರತಿ ಶನಿವಾರ ವೆನ್ನಾ ಬಕೆಟ್ಟು ಹಿಡಿದು ಬಂದು, ತಾನೇ ಇದ್ದ ಮನೆಯನ್ನು ಬೇರೆಯವರಿಗಾಗಿ ಗುಡಿಸಿ ಒರೆಸುತ್ತಾಳೆ. ಏಳು ಚಳಿಗಾಲ ಹೀಗೇ ಕಳೆದಿದ್ದವು.

ಈಗ ಫೇರ್ಲೀ ಅಮ್ಮ ಮನೆ ಮಾರುತ್ತಾರಂತೆ. “ನಿನಗಿಂತ ಚೆನ್ನಾಗಿ ಆ ಮನೆ ಯಾರಿಗೆ ಗೊತ್ತು? ನೀನೇ ತೋರಿಸು” ಎಂದು ಫೋನಿನಲ್ಲಿ ಹೇಳಿದ್ದರು. ವರ್ಷಪೂರ್ತಿ ಇರಲಿಕ್ಕೆ ಕೊಡುವ ಮನೆ ಊರಲ್ಲಿ ಒಂದಾದರೂ ಇದ್ದರೆ ತಾನೆ? ಈ ಮನೆಯೂ ಕೈತಪ್ಪಿದರೆ ಜನವರಿಯ ಗಾಳಿಗೂ ಅದೇ ತಗಡಿನ ಡಬ್ಬಿಯೇ ಗತಿ. ಮಗಳು ಕೆರ್ರಾ ಸೆಪ್ಟೆಂಬರಿನಲ್ಲೇ ಕೆಮ್ಮು ಶುರುಮಾಡುವ ಹುಡುಗಿ.

ಬಂದವರು ಗಂಡ ಹೆಂಡತಿ ಇಬ್ಬರೇ. ಗಂಡ ಕಿಟಕಿಯ ಬಳಿ ನಿಂತು ಕಡಲಿನ ಫೋಟೋ ಹೊಡೆಯತೊಡಗಿದ. ಹೆಂಡತಿ ಹ್ಯಾರಿಯೆಟ್ ಒಳ್ಳೆಯ ಮಾತಿನ ಹೆಂಗಸು. “ಚಳಿಗಾಲದಲ್ಲಿ ಇಲ್ಲಿ ಇರೋರು ನೀವೇ ಅಂತೆ? ಹೇಗಿರುತ್ತೆ, ಮುಚ್ಚುಮರೆ ಇಲ್ಲದೆ ಹೇಳಿ.”

“ಹೇಳ್ಲಾ? ಪಡುವಣ ಗಾಳಿ ಎದ್ರೆ ಈ ಗೋಡೆ ಬೆವರುತ್ತೆ. ನೀರು ಧಾರೆಯಾಗಿ ಇಳಿಯುತ್ತೆ.”

ಹ್ಯಾರಿಯೆಟ್ ಮುಖ ಸಣ್ಣದಾಯಿತು. ವೆನ್ನಾಗೆ ಒಳಗೊಳಗೇ ಹಿಗ್ಗು. ಅಲ್ಲಿಗೇ ಬಾಯಿ ಮುಚ್ಚಿದ್ದರೆ ಆಗುತ್ತಿತ್ತು, ಆದರೆ ಏಳು ವರ್ಷ ಮನೆ ನಡೆಸಿದ ಬಾಯಿ ಸುಮ್ಮನಿರಬೇಕಲ್ಲ!

“ಮಂಚಾನ ಒಂದು ಗೇಣು ಈಚೆ ಎಳ್ಕೋಬೇಕು ಅಷ್ಟೆ. ದಿನಾ ಸಂಜೆ ಒಲೆ ಹಚ್ಚಿದ್ರೆ ಗೋಡೆ ಒಣಗೇ ಇರುತ್ತೆ. ಒಲೆ ಒಂದೊಂದ್ಸಲ ಹಟ ಮಾಡುತ್ತೆ, ಮನೆ ತುಂಬ ಹೊಗೆ. ಆಗ ಹಿತ್ತಿಲ ಕಿಟಕಿ ಎರಡು ಬೆರಳಷ್ಟು ತೆಗೀರಿ, ಜಾಣ ಮಗು ಥರ ಉರಿಯುತ್ತೆ. ಹಿಂದಿನ ಕೋಣೆ ಇದೆಯಲ್ಲ, ಅದಂತೂ ಮಂಜುಗಡ್ಡೆ. ಆದ್ರೆ ಕ್ರಿಸ್‌ಮಸ್ ಹೊತ್ತಿಗೆ ಬೆಳಗಿನ ಬಿಸಿಲು ನೇರ ಹಾಸಿಗೆ ಮೇಲೇ ಬೀಳುತ್ತೆ. ನನ್ನ ಮಗಳು ಅಲ್ಲೇ ಮುದುರಿ ಕೂತು ಓದೋದು. ಬಿರುಗಾಳಿ ದಿನ ಕಡಲು ಎದ್ದೆದ್ದು ಬೀಳ್ತಿದ್ರೂ ಇಲ್ಲಿ ಟೀ ಲೋಟ ಅಲ್ಲಾಡಲ್ಲ. ಗಟ್ಟಿ ಮನೆ ಇದು…”

ಹೇಳುತ್ತ ಹೇಳುತ್ತ ಅವಳ ಕೈ ಗೋಡೆಯನ್ನು ಸವರುತ್ತಿತ್ತು. ತಿರುಗಿ ನೋಡಿದರೆ ಹ್ಯಾರಿಯೆಟ್ ಕಣ್ಣು ತೇವ.

“ಚಾರ್ಲ್ಸ್, ನಮಗೆ ಇದೇ ಮನೆ ಬೇಕು.”

ಅಯ್ಯೋ ನನ್ನ ಬಾಯಿಗಿಷ್ಟು ಮಣ್ಣು ಹಾಕ, ನಾನೇ ನಿಂತು ಮಾರಿಬಿಟ್ಟೆನಲ್ಲ! ವೆನ್ನಾ ನಾಚಿಕೆ ಬಿಟ್ಟು ಕೇಳಿಯೇಬಿಟ್ಟಳು: “ಚಳಿಗಾಲದಲ್ಲಿ ನೀವು ಇಲ್ಲಿರ್ತೀರಾ?”

“ಇಲ್ಲಪ್ಪ, ಬೇಸಿಗೆ ರಜಕ್ಕೆ ಮಾತ್ರ.”

“ಹಾಗಾದ್ರೆ ಚಳಿಗಾಲದಷ್ಟು ದಿನ ನಮಗೇ ಬಾಡಿಗೆಗೆ…”

ಹ್ಯಾರಿಯೆಟ್ ಅವಳ ಕೈ ಹಿಡಿದುಕೊಂಡಳು. “ನಮ್ಮ ಸಾಮಾನೆಲ್ಲ ಇಲ್ಲೇ ಇರುತ್ತಲ್ಲ, ಬೇರೆಯವರು ಇದ್ರೆ ನಮಗೆ ಸರಿಬರಲ್ಲ. ತಪ್ಪು ತಿಳ್ಕೋಬೇಡಿ.” ಮಾತಿನಲ್ಲಿ ಕಪಟವಿರಲಿಲ್ಲ. ಕಪಟವಿದ್ದಿದ್ದರೆ ಬೈದುಕೊಂಡಾದರೂ ಹೋಗಬಹುದಿತ್ತು. “ಆದ್ರೆ ದಿನಾ ಒಲೆ ಹಚ್ಚಬೇಕು ಅಂದ್ರಲ್ಲ? ಆ ಕೆಲಸ ನೀವೇ ಮಾಡಿ. ಸಂಜೆ ಬಂದು ಹಚ್ಚಿ ಹೋಗಿ. ಸಂಬಳ ಕೊಡ್ತೀವಿ.”

ಬೀಗದಕೈಯನ್ನು ಕಡಲಿಗೆ ಎಸೆದುಬಿಡೋಣ ಅನ್ನಿಸಿತು ವೆನ್ನಾಗೆ. ಆದರೆ ಚಳಿಗಾಲದಲ್ಲಿ ಊರಿನ ಯಾವ ಹೆಂಗಸಿಗೂ ಕೆಲಸವಿರುವುದಿಲ್ಲ. “ಹೂಂ” ಅಂದಳು.

ಡೆನ್ಜಿಲ್ ಕೇಳಿ ಮೊದಲು ನಕ್ಕ. “ಮನೆ ಹಳೀಲಿಕ್ಕೆ ಕಳಿಸಿದ್ರೆ ಹೊಗಳಿ ಬಂದ್ಯಾ, ಪುಣ್ಯಾತ್ಗಿತ್ತಿ!” ಆಮೇಲೆ ಹೆಂಡತಿಯ ಮುಖ ನೋಡಿ ಕೆಟಲಿಗೆ ನೀರು ತುಂಬಿಸಿದ.

ನವೆಂಬರಿನ ಮಳೆಯಲ್ಲಿ ವೆನ್ನಾ ದಿನವೂ ಗುಡ್ಡ ಹತ್ತಿದಳು. ಒಲೆ ಹಚ್ಚಿ, ಸೌದೆ ಹೊತ್ತಿಕೊಳ್ಳುವವರೆಗೆ ಕಾದಳು. ಗೋಡೆ ಒಣಗಿತ್ತು. ಬಿಳಿ ಬಟ್ಟೆ ಹೊದ್ದ ಹೊಸ ಕುರ್ಚಿಗಳು ಬೆಂಕಿಗೆ ಮುಖಮಾಡಿ ಕೂತಿದ್ದವು. ಅವಳು ಅವುಗಳ ಮೇಲೆ ಕೂರಲಿಲ್ಲ. ಜೇಬಿನಿಂದ ಕೆರ್ರಾಳ ಒದ್ದೆ ಕಾಲುಚೀಲ ತೆಗೆದು ಒಲೆಯ ಮೇಲೆ ಹಿಡಿದು ನಿಂತಳು. ಹಬೆಯಾಡುವುದು ನಿಂತ ಮೇಲೆ ಮಡಚಿ, ಸ್ವೆಟರಿನ ಒಳಗೆ ಎದೆಗೆ ಒತ್ತಿಕೊಂಡು ಬಾಗಿಲಿಗೆ ಬೀಗ ಹಾಕಿದಳು. ಬಿಸಿ ಆರುವುದರೊಳಗೆ ಕ್ಯಾರವಾನು ತಲುಪಬೇಕೆಂದು ಹೊಲದ ದಾರಿಯಲ್ಲಿ ಓಡತೊಡಗಿದಳು.