ಜಾಂಬೂಳ ಎಂಬುವವರು

ಹೆಂಗಸೊಬ್ಬಳು ಒಬ್ಬಳೇ ಖಾನಾವಳಿಗೆ ಹೋಗಿ ಹೊಟ್ಟೆ ತುಂಬ ಉಂಡು, ತಾಟಿನ ಫೋಟೊ ಬೇರೆ ತೆಗೆದುಕೊಂಡು ಬಂದರೆ ಬೆಳಗಾವಿಯೇನೂ ಮುಳುಗಿಹೋಗುವುದಿಲ್ಲ. ಆದರೂ ಗಂಗಾದೇವಿ ಒಳಗೆ ಕಾಲಿಟ್ಟಳೆಂದರೆ ವೇಟರ್ ಮೊದಲು ಅವಳ ಬೆನ್ನ ಹಿಂದೆ ಇಣುಕುತ್ತಿದ್ದ, ಆಮೇಲೆ "ಒಬ್ಬರ ಏನ್ರಿ?" ಅಂತ ಕೇಳುತ್ತಿದ್ದ. ಹೌದಪ್ಪಾ, ಒಬ್ಬಳೇ. ಏನೀಗ?

ಅವಳಿಗೆ ನಲವತ್ತೆಂಟು. ಉದ್ಯಮಬಾಗದ ಒಂದು ಫೌಂಡ್ರಿಯ ಆಫೀಸಿನಲ್ಲಿ ಕೆಲಸ, ಹಿಂದವಾಡಿಯಲ್ಲಿ ಎರಡು ಖೋಲಿಯ ಬಾಡಿಗೆ ಮನೆ. ಅವ್ವ ಇರುವ ತನಕ ಅವ್ವನ ಔಷಧ, ಅವ್ವನ ಪಥ್ಯ ಅಂತ ವರ್ಷಗಳು ಹೋದವು. ಅವ್ವ ತೀರಿಕೊಂಡ ಮೇಲೆ ಭಾನುವಾರಗಳು ಬಂದು ಎದೆಯ ಮೇಲೆ ಕೂತವು. ಆಗ ಹಚ್ಚಿಕೊಂಡದ್ದು ಈ ಹುಚ್ಚು. ಮಧ್ಯಾಹ್ನ ಎಲ್ಲಾದರೂ ಹೊಸ ಊಟ, ಸಂಜೆ ನಾಟಕವಿದ್ದರೆ ನಾಟಕ, ಇಲ್ಲದಿದ್ದರೆ ಒಂದು ಪುಸ್ತಕ. ಊಟದ ಫೋಟೊಗಳನ್ನು 'ತಾಟು' ಅನ್ನುವ ಆ್ಯಪ್‌ಗೆ ಹಾಕಿ, ಕೆಳಗೆ ಕನ್ನಡದಲ್ಲಿ ನಾಲ್ಕು ಸಾಲು ಬರೆಯುವುದು. ಅಲ್ಲಿ ಅವಳ ಹೆಸರು 'ಎಣ್ಣಿಗಾಯಿ'.

ಎರಡು ವರ್ಷದ ಹಿಂದೆ ಖಾಸಬಾಗದ ಒಂದು ಖಾನಾವಳಿಯ ಝುಣಕ-ರೊಟ್ಟಿಯ ಫೋಟೊ ಹಾಕಿದ್ದಳು. ಅದರ ಕೆಳಗೆ 'ಜಾಂಬೂಳ' ಅನ್ನುವ ಹೆಸರಿನವರು ಮರಾಠಿಯಲ್ಲಿ ಒಂದು ಸಾಲು ಬರೆದರು. ಫೋಟೊ ಛಲೋ ಬಂದಿದೆ, ಆದರೆ ಅದನ್ನು ತೆಗೆಯುವಷ್ಟರಲ್ಲಿ ಭಾಕ್ರಿ ಆರಿಹೋಗಿರಬೇಕು, ಪಾಪ ಭಾಕ್ರಿ, ಅಂತ. ಗಂಗಾದೇವಿಗೆ ಮೊದಲು ಸಿಟ್ಟು ಬಂತು. ಆಮೇಲೆ ನಗು ಬಂತು. ಅವ್ವ ಹೋದ ಮೇಲೆ ಆ ಮನೆಯಲ್ಲಿ ಯಾರಾದರೂ ಜೋರಾಗಿ ನಕ್ಕದ್ದು ಅದೇ ಮೊದಲು.

ಅಲ್ಲಿಂದ ಶುರುವಾಯಿತು. ಇವಳು ಕನ್ನಡದಲ್ಲಿ ಬರೆಯುವುದು, ಅವರು ಮರಾಠಿಯಲ್ಲಿ ಉತ್ತರಿಸುವುದು. ಬೆಳಗಾವಿಯಲ್ಲಿ ಇದಕ್ಕೆ ಯಾರೂ ಡಿಕ್ಷನರಿ ತೆರೆಯುವುದಿಲ್ಲ. ನೋಡಿದ ನಾಟಕ, ಓದಿದ ಪುಸ್ತಕ, ಯಾವ ಅಂಗಡಿಯ ಕುಂದಾಕ್ಕೆ ಸಕ್ಕರೆ ಹೆಚ್ಚು ಅನ್ನುವ ಜಗಳ. ಜಾಂಬೂಳ ಇರುವುದು ಖಾನಾಪುರದಲ್ಲಿ, ಹೆಸರಿಗೆ ತಕ್ಕಂತೆ ಮಾರ್ಕೆಟ್ಟಿಗೆ ಬರುವ ನೇರಳೆಹಣ್ಣು ಕೊಂಡು ಮನೆಯಲ್ಲೇ ವೈನ್ ಮಾಡುತ್ತಾರೆ ಅಂತಲೂ ಗೊತ್ತಾಯಿತು. ಹೋಗ್ತಾ ಹೋಗ್ತಾ ಗಂಗಾದೇವಿ ಮೊಣಕಾಲು ನೋವು, ಮ್ಯಾನೇಜರನ ಬೈಗುಳ, ಅವ್ವನ ವರ್ಷದ ದಿನ ಒಬ್ಬಳೇ ಮಾಡಿದ ಹೋಳಿಗೆ, ಎಲ್ಲವನ್ನೂ ಅಲ್ಲೇ ಹೇಳಿಕೊಂಡಳು. ಬೇರೆ ಯಾರಿಗೆ ಹೇಳಬೇಕು?

ತಾನು ಗಂಡಸು ಅಂತ ಜಾಂಬೂಳ ಎಂದೂ ಹೇಳಿರಲಿಲ್ಲ. ಹೇಳಿದ್ದು ಮರಾಠಿ. ಕನ್ನಡದಲ್ಲಿ 'ನಾ ಬಂದೆ' ಅಂದರೆ ಬಂದದ್ದು ಗಂಡೋ ಹೆಣ್ಣೋ ದೇವರಿಗೇ ಗೊತ್ತು. ಮರಾಠಿ ಹಾಗೆ ಬಿಡುವುದಿಲ್ಲ. ಗಂಡಸಾದರೆ 'ಮೀ ಆಲೋ', ಹೆಂಗಸಾದರೆ 'ಮೀ ಆಲೆ'. ಜಾಂಬೂಳ ಎರಡು ವರ್ಷವೂ ಬರೆದದ್ದು ಆಲೋ, ಗೇಲೋ, ಜೇವಲೋ, ಬಂದದ್ದು ಹೋದದ್ದು ಉಂಡದ್ದು ಎಲ್ಲ ಗಂಡಸಿನ ಹಾಗೆಯೇ. ಮೇಲಾಗಿ ಮನೆಯಲ್ಲಿ ವೈನ್ ಮಾಡುವವರು ಗಂಡಸರಲ್ಲದೆ ಮತ್ತ್ಯಾರು?

ಸುತ್ತಿ ಬಳಸಿ ಯಾಕೆ ಹೇಳಲಿ, ಅವಳಿಗೆ ಆ ಮನುಷ್ಯನ ಮೇಲೆ ಮನಸ್ಸಾಗಿತ್ತು. ನಲವತ್ತೆಂಟಕ್ಕೆ ಮನಸ್ಸಾಗಬಾರದು ಅಂತ ಯಾರಾದರೂ ಕಾಯಿದೆ ಮಾಡಿದ್ದಾರೆಯೇ? ದಿನಕ್ಕೊಮ್ಮೆ "ಊಟ ಆತೇನ್ರಿ" ಅಂತ ಎದುರು ಕೂತು ಕೇಳುವ ಒಬ್ಬ ಮನುಷ್ಯ ಬೇಕು ಅನಿಸಿತ್ತು, ಅಷ್ಟೇ. ಆದ್ದರಿಂದ ಕಳೆದ ವಾರ ಜಾಂಬೂಳ 'ಒಮ್ಮೆ ಖಾನಾಪುರಕ್ಕೆ ಬನ್ನಿ, ಭಾನುವಾರ ಹನ್ನೆರಡಕ್ಕೆ, ಬಸ್ ಸ್ಟ್ಯಾಂಡಿನ ಹಿಂದಿನ ಖಾನಾವಳಿ' ಅಂತ ಬರೆದಾಗ, ಗಂಗಾದೇವಿ ಫೋನನ್ನು ದಿಂಬಿನ ಕೆಳಗಿಟ್ಟು ಸ್ವಲ್ಪ ಹೊತ್ತು ಗೋಡೆ ನೋಡಿದಳು. ಆಮೇಲೆ 'ಬರ್ತೇನಿ' ಅಂತ ಬರೆದಳು.

ಹೊಸ ಇಳಕಲ್ ಸೀರೆ ಉಟ್ಟಳು. ಅಬ್ಬಲಿಗೆ ಮುಡಿದಳು, ತೆಗೆದಳು, ಮತ್ತೆ ಮುಡಿದಳು. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ, ಮೊದಲು ಏನು ಮಾತಾಡಬೇಕು ಅಂತ ತುಟಿ ಅಲುಗಿಸುತ್ತ ಹೋದಳು.

ಖಾನಾವಳಿಯಲ್ಲಿ ಗದ್ದಲವೋ ಗದ್ದಲ. ಮೂಲೆಯ ಟೇಬಲ್ ಹಿಡಿದು ಬಾಗಿಲಿಗೆ ಕಣ್ಣಿಟ್ಟಳು. ಒಳಗೆ ಬಂದ ಒಬ್ಬೊಬ್ಬ ಗಂಡಸನ್ನೂ ಇವನೇ ಇರಬಹುದೇ ಅಂತ ನೋಡಿದ್ದೇ ನೋಡಿದ್ದು. ಬೋಳುತಲೆಯವನಾದರೂ ಪರವಾಗಿಲ್ಲ ಅಂದುಕೊಂಡಳು. ಹನ್ನೆರಡೂವರೆಯಾಯಿತು. ಪಕ್ಕದ ಸಾಲಿನಲ್ಲಿ ಅವಳಷ್ಟೇ ವಯಸ್ಸಿನ, ದಪ್ಪ ಕನ್ನಡಕದ ಹೆಂಗಸೊಬ್ಬಳು ಕೈಚೀಲವನ್ನು ಗಟ್ಟಿಯಾಗಿ ಹಿಡಿದುಕೊಂಡು ಅವಳಂತೆಯೇ ಬಾಗಿಲು ನೋಡುತ್ತಿದ್ದಳು. ಇವಳಿಗೂ ಯಾರೋ ಕೈಕೊಟ್ಟಿರಬೇಕು ಪಾಪ ಅನಿಸಿತು. ತಡೆಯಲಾರದೆ ಗಂಗಾದೇವಿ ಫೋನ್ ತೆಗೆದು ಬರೆದಳು: 'ನಾ ಬಂದೇನಿ. ಒಳಗ ಮೂಲ್ಯಾಗ ಕುಂತೇನಿ.'

ಪಕ್ಕದ ಸಾಲಿನಲ್ಲಿ ಫೋನು ಟಿಣ್ ಅಂದಿತು.

ಕನ್ನಡಕದ ಹೆಂಗಸು ಫೋನು ನೋಡಿದಳು, ಮೂಲೆ ನೋಡಿದಳು, ಎದ್ದು ಬಂದೇಬಿಟ್ಟಳು. "ಎಣ್ಣಿಗಾಯಿ? ನೀವ ಏನ್ರಿ? ಅಗ ಬಾಯೀ!" ಅನ್ನುತ್ತ ಗಂಗಾದೇವಿಯ ಎರಡೂ ಕೈ ಹಿಡಿದುಕೊಂಡಳು. "ನಾ ಶುಭದಾ, ಇಲ್ಲೆ ಪೋಸ್ಟಿನ್ಯಾಗ ಇರ್ತೇನಿ. ಹೆಂಗಸರ ಅದೀರಿ, ದೇವರು ದೊಡ್ಡಾವ! ನಿಮ್ಮ ಕನ್ನಡದಾಗ ಏನೂ ತಿಳಿಯೂದುಲ್ಲ ನೋಡ್ರಿ. ಯಾರರ ಗಂಡಸು ಬಂದ ಗಂಟು ಬಿದ್ದರ ಏನ ಮಾಡೂದಂತ ದೂರ ಕುಂತ ನೋಡಾಕತ್ತಿದ್ದೆ. ಮೀ ಲಈ ಘಾಬರಲೋ ಹೋತೋ!"

ಬಹಳ ಹೆದರಿದ್ದೆ ಅಂತ. ಘಾಬರಲೋ. ಹೆಂಗಸಿನ ಬಾಯಲ್ಲಿ ಗಂಡಸಿನ ಮಾತು. ಪುಸ್ತಕದ ಮರಾಠಿಯ ನಿಯಮ ಪುಸ್ತಕಕ್ಕೆ. ಈ ಕಡೆಯ ಹೆಂಗಸರು ಆಡುವುದು ಹೀಗೇ. ಗಂಗಾದೇವಿಗೆ ಇದು ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಹಿಂದವಾಡಿಯಲ್ಲಿ ಬಾಜು ಮನೆಯ ಪ್ರಮಿಳಾ ದಿನಾ ಬೆಳಿಗ್ಗೆ ಗೇಟಿನಲ್ಲಿ ನಿಂತು 'ಮೀ ಆಲೋ' ಅಂತಲೇ ಕೂಗುತ್ತಾಳೆ. ಗೊತ್ತಿದ್ದದ್ದನ್ನು ಎರಡು ವರ್ಷ ನೆನಪಿಗೆ ಬಾರದಂತೆ ಇಟ್ಟುಕೊಂಡಿದ್ದಳು. ತಪ್ಪು ಮರಾಠಿಯದಲ್ಲ.

"ನಾನೂ..." ಅಂದಳು. ಕೈ ಬಿಡಿಸಿಕೊಂಡು ಸೆರಗು ಸರಿಮಾಡಿಕೊಂಡಳು. "ನಂಗೂ ಹೆದರಿಕಿ ಇತ್ತರಿ," ಅಂದಳು.

"ಹೌದಲ್ಲ ಮತ್ತ! ಅಲ್ಲರೀ, ಏಟ ಛಂದ ಸೀರಿ ಉಟ್ಟೀರಿ, ಹೂ ಮುಡದೀರಿ. ಎಲ್ಲೆರ ಮದುವಿ ಇತ್ತೇನ್ರಿ?"

"ಹೂಂ ರೀ. ಮದುವಿ ಇತ್ತು."

ಶುಭದಾ ಒಳ್ಳೆಯ ಹೆಂಗಸು. ಅದೇ ಕಷ್ಟವಾದದ್ದು. ಭಾಕ್ರಿ ಆರುವ ಮೊದಲೇ ಮುರಿದು ತಾನೇ ಇವಳ ತಾಟಿಗೆ ಹಾಕಿದಳು. ಮೊಣಕಾಲು ಹೇಗಿದೆ ಅಂತ ಕೇಳಿದಳು. ಕೈಚೀಲದಿಂದ ಪೇಪರಿನಲ್ಲಿ ಸುತ್ತಿದ ಬಾಟಲಿ ತೆಗೆದು, "ಯಾರರ ಕೇಳಿದರ ಶರಬತ್ತ ಅನ್ರಿ, ಅಕ್ಕಾರ," ಅಂತ ಕಿವಿಯಲ್ಲಿ ಹೇಳಿ ಕಿಸಕ್ಕನೆ ನಕ್ಕಳು. ಗಂಗಾದೇವಿಯೂ ನಕ್ಕಳು. ಆ ನಗುವನ್ನು, ಆ ಮಾತಿನ ಧಾಟಿಯನ್ನು ಅವಳು ಎರಡು ವರ್ಷದಿಂದ ಬಲ್ಲಳು. ಎಲ್ಲವೂ ಇತ್ತು. ಅವನೊಬ್ಬ ಇರಲಿಲ್ಲ.

ತಿರುಗಿ ಬರುವ ಬಸ್ಸು ಖಾನಾಪುರ ದಾಟುವ ಮೊದಲೇ 'ಜಾಂಬೂಳ' ಹೆಸರಿನಿಂದ ಮೆಸೇಜು ಬಂತು. ಮುಂದಿನ ಭಾನುವಾರ ಬೆಳಗಾವಿಯಲ್ಲಿ ನಾಟಕವಿದೆಯಂತೆ, ಕೂಡಿ ನೋಡೋಣವೇ ಅಂತ. 'ಬರ್ರಿ, ಊಟಕ್ಕ ನಮ್ಮ ಮನಿಗೇ ಬರ್ರಿ' ಅಂತ ಬರೆದಳು. ಸುಳ್ಳಲ್ಲ, ಮನಸ್ಸಿನಿಂದಲೇ ಕರೆದಳು.

ಆಮೇಲೆ ಇನ್ನೊಂದು ಸಾಲು ಬರೆಯತೊಡಗಿದಳು. ದಿನದ ನೋವನ್ನು ದಿನವೇ ಆ ಹೆಸರಿಗೆ ಬರೆದು ಹಾಕುವ ಚಟ ಬಿದ್ದಿತ್ತಲ್ಲ. 'ಇವತ್ತ ಒಬ್ಬರು ಬರ್ತಾರಂತ ಭಾಳ ಆಸೆ ಇಟಕೊಂಡ ಹೋಗಿದ್ದೆ' ಅಂತ ಬರೆದು ನಿಲ್ಲಿಸಿದಳು. ಒಂದೊಂದೇ ಅಕ್ಷರ ಅಳಿಸಿದಳು. ಇದನ್ನು ಹೇಳಿಕೊಳ್ಳಲು ಇದ್ದವನು ಅವನೊಬ್ಬನೇ. ಅಷ್ಟು ಹೊತ್ತು ತಡೆದ ಅಳು ಆಗ ಬಂತು, ಸೆರಗು ಬಾಯಿಗಿಟ್ಟರೂ ನಿಲ್ಲದಂತೆ ಬಂತು.

ಪಕ್ಕದಲ್ಲಿ ಸೌತೆಕಾಯಿಯ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಮುದುಕಿ ಬುಟ್ಟಿಯನ್ನು ಕೆಳಗಿಟ್ಟು ಅವಳ ಬೆನ್ನು ಸವರಿದಳು.

"ಯಾಕ ತಂಗೀ, ಯಾರ ತೀರಿಕೊಂಡರವ್ವಾ?"

"ಯಾರೂ ಇಲ್ಲ ಬೇ."

"ಯಾರೂ ಇಲ್ಲದ ಹಿಂಗ್ಯಾರ ಅಳ್ತಾರಾ? ಗಂಡ ಏನ?"

ಗಂಗಾದೇವಿ ತಲೆಯಾಡಿಸಿದಳು. ಮುದುಕಿ ಅದನ್ನು ಹೌದು ಅಂತಲೇ ತಿಳಿದುಕೊಂಡು, "ಅಯ್ಯ ನನ್ನವ್ವ," ಅನ್ನುತ್ತ ಅವಳ ತಲೆಯನ್ನು ಹೆಗಲಿಗೆ ಒರಗಿಸಿಕೊಂಡಳು. ಗಂಗಾದೇವಿ ಅಲ್ಲ ಅನ್ನಲಿಲ್ಲ. ಬೆಳಗಾವಿ ಬರುವ ತನಕ ಅವನಿಗಾಗಿ ಅತ್ತಳು.